ಟೇಪಿನ ದೋಷವೇ ಪೆಡಲಿನ ಗುಣ

ಗಿಟಾರಿನ ಸ್ವರವನ್ನು ಕ್ಷಣಕಾಲ ತಡೆದು ಮತ್ತೆ ಕೇಳಿಸುವ ಸಾಧನವೇ ಡಿಲೇ ಪೆಡಲ್. ಟೇಪ್ ಶೈಲಿಯ ಪೆಡಲುಗಳಿಗೆ ಮಾದರಿ ಹಳೆಯ ಟೇಪ್ ಎಕೋ ಯಂತ್ರಗಳು. ಜಪಾನಿನ ರೋಲ್ಯಾಂಡ್ ಸಂಸ್ಥೆ 1974ರಲ್ಲಿ ಹೊರತಂದ ಆರ್‌ಇ-201 ಸ್ಪೇಸ್ ಎಕೋ ಅವುಗಳಲ್ಲಿ ಪ್ರಸಿದ್ಧ. ಅದರಲ್ಲಿ ಒಂದು ಹೆಡ್ ಟೇಪಿನ ಮೇಲೆ ಧ್ವನಿಯನ್ನು ಮುದ್ರಿಸಿದರೆ, ಮುಂದಿನ ಮೂರು ಹೆಡ್‌ಗಳು ಅದನ್ನು ಮರುನುಡಿಸುತ್ತವೆ. ಹೆಡ್‌ಗಳ ಅಂತರ ಹಾಗೂ ಟೇಪಿನ ವೇಗ ವಿಳಂಬವನ್ನು ನಿರ್ಧರಿಸುತ್ತವೆ.

ಟೇಪಿನ ವೇಗ ಏರುಪೇರಾದರೆ ಸ್ವರ ತುಸು ನಡುಗುತ್ತದೆ. ಪ್ರತಿ ಆವರ್ತನೆಯಲ್ಲೂ ಧ್ವನಿ ಮಸುಕಾಗುತ್ತದೆ. ತಂತ್ರಜ್ಞರಿಗೆ ಇದು ದೋಷ, ಕಿವಿಗೆ ಹಿತ: ಪ್ರತಿಧ್ವನಿ ಮಂಕಾದಷ್ಟೂ ಮೂಲ ಸ್ವರ ಎದ್ದು ಕೇಳುತ್ತದೆ. ಇಂದಿನ ಡಿಜಿಟಲ್ ಪೆಡಲುಗಳು ಅನುಕರಿಸುವುದೂ ಈ ದೋಷಗಳನ್ನೇ.

ಬಳಸುವವರು ಎರಡು ಗುಂಡಿಗಳ ಬಗ್ಗೆ ಎಚ್ಚರ ವಹಿಸಬೇಕು. ಮೊದಲನೆಯದು ವಿಳಂಬದ ಅವಧಿ. ಅದು ಲಯಕ್ಕೆ ಹೊಂದದಿದ್ದರೆ ಪ್ರತಿಧ್ವನಿಯು ಡ್ರಮ್ಸ್‌ನೊಡನೆ ಜಗಳಕ್ಕಿಳಿಯುತ್ತದೆ. 60,000ವನ್ನು ನಿಮಿಷದ ಬಡಿತಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಬಡಿತದ ಅವಧಿ ಮಿಲಿಸೆಕೆಂಡುಗಳಲ್ಲಿ ದೊರೆಯುತ್ತದೆ. 120 ಬಡಿತಗಳಿಗೆ 500. ಎರಡನೆಯದು ಫೀಡ್‌ಬ್ಯಾಕ್. ಇದು ಪ್ರತಿಧ್ವನಿಯನ್ನು ಮತ್ತೆ ಒಳಗೆ ಕಳುಹಿಸುತ್ತದೆ. ಮಿತಿ ಮೀರಿದರೆ ಕೈ ನಿಲ್ಲಿಸಿದರೂ ಸದ್ದು ತಾನಾಗಿಯೇ ಬೆಳೆಯುತ್ತಾ ಹೋಗಿ ಹಾಡನ್ನೇ ನುಂಗುತ್ತದೆ. ಕಡಿಮೆಯಿಂದ ಆರಂಭಿಸಿ ನಿಧಾನವಾಗಿ ಏರಿಸುವುದೇ ಕ್ಷೇಮ.