ಚೀನಾದಲ್ಲಿ ಹಲಾಲ್ ಊಟ ಸಿಗುವುದೇ ಇಲ್ಲವೇ? ಬಸವಕಲ್ಯಾಣದಿಂದ ಕುನ್‌ಮಿಂಗ್‌ಗೆ ಹೊರಟವರಿಗೆ ಗೊತ್ತಿರಬೇಕಾದ ವಿಷಯಗಳು

"ಚೀನಾಕ್ಕೆ ಹೋಗುವವರೇ ಎಚ್ಚರ! ಅಲ್ಲಿ ಹಲಾಲ್ ಊಟ ಎಲ್ಲೂ ಸಿಗುವುದಿಲ್ಲ. ಬ್ರೆಡ್ಡು, ಬಿಸ್ಕತ್ತು, ಅನ್ನ ಎಲ್ಲದರಲ್ಲೂ ಹಂದಿ ಕೊಬ್ಬು. ಊಟ ಮನೆಯಿಂದಲೇ ಒಯ್ಯಿರಿ. ಎಲ್ಲರಿಗೂ ಕಳಿಸಿ."

ಹುಮನಾಬಾದ್‌ನ ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳಿಸಿ, ನಿಜವೇ ಎಂದು ಕೇಳಿದ್ದಾರೆ. ಅವರ ತವರು ಬಸವಕಲ್ಯಾಣ. ತಮ್ಮ ಚೀನಾದ ಕುನ್‌ಮಿಂಗ್ ನಗರದಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಅವನ ಓದು ಮುಗಿಯುವ ಮೊದಲು ಒಂದು ಸಲ ಹೋಗಿ, ಅವನನ್ನೂ ಊರನ್ನೂ ನೋಡಿ ಬರಬೇಕು ಎಂಬುದು ಅಬ್ಬಾ, ಅಮ್ಮಿ ಇಬ್ಬರ ಆಸೆ. ಈ ಸಂದೇಶ ಬಂದ ಮೇಲೆ ಅಮ್ಮಿ ಒಂದು ತೀರ್ಮಾನಕ್ಕೆ ಬಂದಿದ್ದಾರೆ: "ವಾರವೆಲ್ಲ ಬಿಸ್ಕತ್ತು, ಖರ್ಜೂರ ತಿಂದುಕೊಂಡು ಇರ್ತೀನಿ." ಅವರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ.

ಹಾಗಾಗಿ ಇದು ಬರೀ ಪ್ರವಾಸದ ಪ್ರಶ್ನೆಯಾಗಿ ಉಳಿದಿಲ್ಲ, ಆರೋಗ್ಯದ ಪ್ರಶ್ನೆಯೂ ಆಗಿದೆ. ಒಂದೊಂದಾಗಿ ನೋಡೋಣ.

ಹೇಳಿಕೆ 1: ಚೀನಾದಲ್ಲಿ ಹಲಾಲ್ ಊಟವೇ ಇಲ್ಲ

ಇದು ಸುಳ್ಳು. ಚೀನಾದಲ್ಲಿ ಇಸ್ಲಾಂ ಪಾಲಿಸುವ ಹತ್ತು ಜನಾಂಗಗಳಿವೆ. ಅವುಗಳಲ್ಲಿ ಹುಯಿ ಎಂಬ ಒಂದೇ ಸಮುದಾಯದ ಜನಸಂಖ್ಯೆ ಒಂದು ಕೋಟಿಗೂ ಹೆಚ್ಚು. ಇವರು ಮಾತನಾಡುವುದು ಚೀನೀ ಭಾಷೆ, ವಾಸ ದೇಶದ ಉದ್ದಗಲಕ್ಕೂ. ಇವರು ಇರುವಲ್ಲೆಲ್ಲ ಇವರ ಹೋಟೆಲುಗಳೂ ಇವೆ.

ಕುನ್‌ಮಿಂಗ್ ಯುನ್ನಾನ್ ಪ್ರಾಂತ್ಯದ ರಾಜಧಾನಿ. ಇಲ್ಲಿ ಮುಸ್ಲಿಮರ ಇತಿಹಾಸ ಏಳು ಶತಮಾನಗಳಿಗಿಂತ ಹಳೆಯದು. 1274ರಲ್ಲಿ ಕುಬ್ಲಾಯ್ ಖಾನ್ ಯುನ್ನಾನ್‌ಗೆ ರಾಜ್ಯಪಾಲನಾಗಿ ನೇಮಿಸಿದ್ದು ಬುಖಾರಾ ಮೂಲದ ಸಯ್ಯಿದ್ ಅಜ್ಜಲ್ ಶಂಸುದ್ದೀನ್ ಅವರನ್ನು. ಕುನ್‌ಮಿಂಗ್ ಸುತ್ತಲಿನ ನೀರಾವರಿ ಕೆಲಸಗಳಿಗೆ ಇಂದಿಗೂ ಅವರ ಹೆಸರು ಹೇಳುತ್ತಾರೆ. ದೊಡ್ಡ ಹಡಗುಪಡೆಯೊಂದಿಗೆ ನಮ್ಮ ಕಲ್ಲಿಕೋಟೆಯವರೆಗೆ ಬಂದಿದ್ದ ನಾವಿಕ ಝೆಂಗ್ ಹೆ ಹುಟ್ಟಿದ್ದು ಕುನ್‌ಮಿಂಗ್ ಪಕ್ಕದ ಕುನ್‌ಯಾಂಗ್‌ನ ಹುಯಿ ಮನೆತನದಲ್ಲಿ. ಅವನ ಯಾನಗಳ ಕಾಲ 1405ರಿಂದ 1433. ಹೆಚ್ಚುಕಡಿಮೆ ಅದೇ ಕಾಲಕ್ಕೆ ಇತ್ತ ಬಹಮನಿ ಸುಲ್ತಾನರು ಕಲಬುರಗಿಯಿಂದ ಬೀದರ್‌ಗೆ ರಾಜಧಾನಿ ಬದಲಿಸಿದರು.

ಇಂಥ ಊರಿನಲ್ಲಿ ಹಲಾಲ್ ಊಟ ಹುಡುಕುವುದು ಕಷ್ಟವಲ್ಲ. ನಗರದ ನಡುವಿನ ಶುನ್‌ಚೆಂಗ್ ಮಸೀದಿಯ ಆಸುಪಾಸಿನಿಂದ ಶುರು ಮಾಡಿದರೆ ಸಾಕು. ಅಲ್ಲಿನ ಹುಯಿ ಅಡುಗೆಯಲ್ಲಿ 'ಗಾನ್ಬಾ' ಪ್ರಸಿದ್ಧ. ಬಕ್ರೀದ್ ಆದ ಮೇಲೆ ನಮ್ಮ ಮನೆಗಳಲ್ಲಿ ಉಪ್ಪು ಹಚ್ಚಿ ಬಿಸಿಲಿಗೆ ಒಣಗಿಸುತ್ತಾರಲ್ಲ, ಅದೇ ಜಾತಿಯ ದನದ ಮಾಂಸ ಇದು.

ಹೇಳಿಕೆ 2: ಹಲಾಲ್ ಬೋರ್ಡೇ ಕಾಣುವುದಿಲ್ಲ

ಇದರಲ್ಲಿ ಅರ್ಧ ಸತ್ಯವಿದೆ. ನಮ್ಮ ಕಣ್ಣು ಹುಡುಕುವುದು ಅರೇಬಿಕ್ ಅಕ್ಷರದ ಬೋರ್ಡನ್ನು. ಕಳೆದ ಕೆಲವು ವರ್ಷಗಳಲ್ಲಿ ಚೀನಾದ ಹಲವು ನಗರಗಳಲ್ಲಿ ಅಂಗಡಿ ಮುಂದಿನ ಅರೇಬಿಕ್ ಬರಹ ತೆಗೆಸಲಾಗಿದೆ. 2019ರಲ್ಲಿ ಬೀಜಿಂಗ್‌ನ ಹೋಟೆಲುಗಳ ವಿಷಯದಲ್ಲಿ ಇದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಯುನ್ನಾನ್‌ನಲ್ಲೂ ಕೆಲವು ಮಸೀದಿಗಳ ಗುಮ್ಮಟ ತೆಗೆದು ಚೀನೀ ಶೈಲಿಯ ಚಾವಣಿ ಹಾಕಿದ್ದಾರೆ. ಹಾಗಾಗಿ ಗುಮ್ಮಟ, ಅರೇಬಿಕ್ ಬೋರ್ಡು ಕಾಣಲಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಏನೂ ಇಲ್ಲ ಎಂದುಕೊಳ್ಳಬೇಡಿ.

ಹುಡುಕಬೇಕಾದ್ದು ಎರಡು ಚೀನೀ ಅಕ್ಷರಗಳನ್ನು. ಓದುವುದು 'ಚಿಂಗ್‌ಜೆನ್' ಎಂದು, ಅರ್ಥ 'ಶುದ್ಧ ಮತ್ತು ಸತ್ಯ'. ಮೊದಲ ಅಕ್ಷರದ ಎಡಕ್ಕೆ ಮೂರು ನೀರಹನಿಗಳಂಥ ಗೆರೆಗಳಿರುತ್ತವೆ. ಹೊರಡುವ ಮುನ್ನ ಈ ಎರಡು ಅಕ್ಷರಗಳ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಒಂದು ಕಾಗದದ ಮೇಲೂ ಬರೆಸಿ ಇಟ್ಟುಕೊಳ್ಳಿ, ಬ್ಯಾಟರಿ ಮುಗಿದಾಗ ಬೇಕಾಗುತ್ತದೆ.

ಇನ್ನೊಂದು ವಿಷಯ. ಚೀನಾದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಹಲಾಲ್ ಕಾನೂನು ಇಲ್ಲ. ಪ್ರಾಂತ್ಯ, ನಗರಗಳ ಮಟ್ಟದಲ್ಲಿ ನಿಯಮಗಳಿವೆ. ಕೆಲವು ಚಿಂಗ್‌ಜೆನ್ ಹೋಟೆಲುಗಳಲ್ಲಿ ಬಿಯರ್ ಕೂಡ ಮಾರುತ್ತಾರೆ. 'ಲಾನ್‌ಝೌ ನೂಡಲ್ಸ್' ಎಂಬ ಹೆಸರಿನ ಅಂಗಡಿಗಳು ಎಲ್ಲೆಡೆ ಇವೆ. ಹೆಚ್ಚಿನವನ್ನು ನಡೆಸುವವರು ಹುಯಿ ಕುಟುಂಬದವರು, ಆದರೆ ಎಲ್ಲವನ್ನೂ ಅಲ್ಲ. ಅಂಗಡಿಯ ಹೆಸರು ನೋಡಿ ಒಳಗೆ ಹೋಗಬೇಡಿ, ಆ ಎರಡು ಅಕ್ಷರ ಇವೆಯೇ ನೋಡಿ. ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದು ನಿಮ್ಮ ನಂಬಿಕೆಗೆ ಬಿಟ್ಟದ್ದು.

ಹೇಳಿಕೆ 3: ಎಲ್ಲದರಲ್ಲೂ ಹಂದಿ ಕೊಬ್ಬು ಇರುತ್ತದೆ

ಎಲ್ಲದರಲ್ಲೂ ಇಲ್ಲ. ಆದರೆ ಎಚ್ಚರ ಬೇಕಾದ ಕಡೆಗಳಿವೆ. ಚೀನೀ ಭಾಷೆಯಲ್ಲಿ 'ರೋ' ಎಂದರೆ ಮಾಂಸ. ಮುಂದೆ ಯಾವ ಪ್ರಾಣಿಯ ಹೆಸರೂ ಇಲ್ಲದೆ ಬರೀ 'ರೋ' ಎಂದಿದ್ದರೆ ಸಾಮಾನ್ಯವಾಗಿ ಅದು ಹಂದಿ ಮಾಂಸವೇ. ಕುರಿ ಮಾಂಸ 'ಯಾಂಗ್ ರೋ', ದನದ್ದು 'ನಿಯೂ ರೋ', ಕೋಳಿಯದು 'ಜೀ ರೋ'. ಹಂದಿ ಕೊಬ್ಬಿಗೆ 'ಝೂ ಯೋ' ಎನ್ನುತ್ತಾರೆ. ಸಾಮಾನ್ಯ ಹೋಟೆಲಿನಲ್ಲಿ ತರಕಾರಿ ಪಲ್ಯವನ್ನೂ ಇದರಲ್ಲಿ ಹುರಿದಿರಬಹುದು, ಅಡುಗೆಗೆ ಬಳಸುವ ಅಕ್ಕಿಯ ಮದ್ಯ ಹಾಕಿರಬಹುದು. ಆದ್ದರಿಂದ "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಸಾಲದು. ಹಬೆಯಲ್ಲಿ ಬೇಯಿಸಿದ ಬಿಳಿ ಅನ್ನ, ಬೇಯಿಸಿದ ಮೊಟ್ಟೆ, ಹಣ್ಣು ಇವುಗಳಿಗೆ ಈ ತೊಂದರೆ ಇಲ್ಲ.

ಇದೇ ಸಂದೇಶದ ಜೊತೆ ಸುತ್ತುವ ಇನ್ನೊಂದು ಪಟ್ಟಿ ಇದೆ: "ಇ-100, ಇ-110, ಇ-120, ಇ-140, ಇ-471... ಇವೆಲ್ಲ ಹಂದಿ ಕೊಬ್ಬಿನ ಕೋಡ್." ಇದು ಸುಳ್ಳು. ಇವು ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಯುರೋಪ್ ಕೊಟ್ಟ ಸಂಖ್ಯೆಗಳು. ಇ-100 ಎಂದರೆ ಕರ್ಕ್ಯುಮಿನ್, ನಮ್ಮ ಅರಿಶಿನದ ಬಣ್ಣ! ಇ-140 ಎಲೆಯ ಹಸಿರು. ಇ-120 ಒಂದು ಕೀಟದಿಂದ ತೆಗೆದ ಕೆಂಪು ಬಣ್ಣ. ಇ-471 ಮಾತ್ರ ಸಸ್ಯದ ಎಣ್ಣೆಯಿಂದಲೂ ಬರಬಹುದು, ಪ್ರಾಣಿ ಕೊಬ್ಬಿನಿಂದಲೂ ಬರಬಹುದು. ಅದರ ಮೂಲ ಸಂಖ್ಯೆಯಿಂದ ತಿಳಿಯುವುದಿಲ್ಲ. ಚೀನಾದ ಪ್ಯಾಕೆಟ್ ಮೇಲೆ ಪದಾರ್ಥಗಳನ್ನು ಚೀನೀ ಹೆಸರಿನಲ್ಲೇ ಬರೆದಿರುತ್ತಾರೆ, ಆದ್ದರಿಂದ ಈ ಪಟ್ಟಿ ಹಿಡಿದು ಹುಡುಕಿ ಪ್ರಯೋಜನವಿಲ್ಲ. ಫೋನಿನ ಕ್ಯಾಮೆರಾದಿಂದ ಅನುವಾದ ಮಾಡಿಕೊಳ್ಳಿ, ಅನುಮಾನ ಬಂದರೆ ಚಿಂಗ್‌ಜೆನ್ ಗುರುತಿನ ಪ್ಯಾಕೆಟ್ ತೆಗೆದುಕೊಳ್ಳಿ.

ಸಸ್ಯಾಹಾರಿಗಳಿಗೂ ಒಂದು ಮಾತು. ಹಲಾಲ್ ಹೋಟೆಲಿನ ತರಕಾರಿ ನೂಡಲ್ಸ್‌ನ ಸಾರು ಕೂಡ ದನದ ಮೂಳೆಯದ್ದಾಗಿರಬಹುದು. ನಿಮಗೆ ಸರಿಹೊಂದುವುದು ಬೌದ್ಧ ಸಸ್ಯಾಹಾರಿ ಹೋಟೆಲು. ಅಲ್ಲಿ ಮಾಂಸ, ಮೀನು ಇರುವುದಿಲ್ಲ. ಹಲವು ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಹೇಳಿಕೆ 4: ಊಟ ಮನೆಯಿಂದಲೇ ಒಯ್ಯಿರಿ

ಈ ಸಲಹೆಯಿಂದಲೇ ತೊಂದರೆಯಾಗುವುದು. ಮಾಂಸ, ಮಾಂಸದಿಂದ ಮಾಡಿದ ತಿನಿಸು, ಮೊಟ್ಟೆ, ಹಾಲಿನ ಉತ್ಪನ್ನ, ತಾಜಾ ಹಣ್ಣು ತರಕಾರಿ ಇವನ್ನು ಪ್ರಯಾಣಿಕರು ಚೀನಾದೊಳಗೆ ತರುವಂತಿಲ್ಲ. ಖೀಮಾ, ಮಟನ್ ಉಪ್ಪಿನಕಾಯಿ, ಖೋವಾ ಎಲ್ಲವನ್ನೂ ವಿಮಾನ ನಿಲ್ದಾಣದಲ್ಲೇ ಕಸಿದುಕೊಳ್ಳುತ್ತಾರೆ. ಹುರಿಗಡಲೆ, ಖಾರದ ಅವಲಕ್ಕಿ, ಶೇಂಗಾ ಚಟ್ನಿಪುಡಿಯಂಥ ಒಣ ತಿನಿಸು ಸ್ವಲ್ಪ ಇಟ್ಟುಕೊಳ್ಳಬಹುದು. ಅಧಿಕಾರಿಗಳು ಕೇಳಿದರೆ ತೆಗೆದು ತೋರಿಸಿ.

ಇನ್ನು ಅಮ್ಮಿಯ ಬಿಸ್ಕತ್ತು, ಖರ್ಜೂರದ ಯೋಜನೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಎರಡೂ ಕಡೆಯಿಂದ ಅಪಾಯ. ಬಿಸ್ಕತ್ತು, ಖರ್ಜೂರ ತಿಂದ ಕೂಡಲೇ ರಕ್ತದ ಸಕ್ಕರೆ ಸರ್ರನೆ ಏರುತ್ತದೆ. ಮಾತ್ರೆ ನುಂಗಿ, ಅಥವಾ ಇನ್ಸುಲಿನ್ ತೆಗೆದುಕೊಂಡು, ಸರಿಯಾದ ಊಟ ಮಾಡದೆ ನಾಲ್ಕು ಕಿ.ಮೀ. ನಡೆದರೆ ಅದೇ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ಕೈನಡುಕ, ಬೆವರು, ಎದೆ ಡವಗುಟ್ಟುವುದು, ತಲೆ ಮಂಕಾಗುವುದು ಅದರ ಲಕ್ಷಣಗಳು. ಹಾಗಾದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು.

ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಒಮ್ಮೆ ಕಾಣಿರಿ. ಚೀನಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ, ಆದ್ದರಿಂದ ಇನ್ಸುಲಿನ್ ಹೊತ್ತು ಹೇಗೆ ಹೊಂದಿಸಬೇಕು ಎಂದು ಕೇಳಿ. ಮಾತ್ರೆ ಹೆಚ್ಚು ಕಡಿಮೆ ಮಾಡುವುದು ನಿಮ್ಮ ಮನಸ್ಸಿಗೆ ಬಂದಂತೆ ಬೇಡ. ಔಷಧವನ್ನು ಚೀಟಿಯ ಸಮೇತ ಕೈಚೀಲದಲ್ಲೇ ಇಡಿ. ಇನ್ಸುಲಿನ್ ಅನ್ನು ಲಗೇಜಿಗೆ ಹಾಕಿದರೆ ವಿಮಾನದ ಹೊಟ್ಟೆಯ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು.

ಹಾಗಾದರೆ ಕುನ್‌ಮಿಂಗ್‌ನಲ್ಲಿ ಏನು ನೋಡಬೇಕು?

ಸುಮಾರು 1,890 ಮೀಟರ್ ಎತ್ತರದಲ್ಲಿರುವ ಈ ಊರಿಗೆ 'ವಸಂತದ ನಗರ' ಎಂಬ ಹೆಸರಿದೆ. ಇಲ್ಲಿ ನಮ್ಮ ಮೇ ತಿಂಗಳ ಸುಡುಬಿಸಿಲೂ ಇಲ್ಲ, ಉತ್ತರ ಚೀನಾದ ಕಡುಚಳಿಯೂ ಇಲ್ಲ. ಎತ್ತರ ಬೀದರ್‌ನ ಸುಮಾರು ಮೂರು ಪಟ್ಟು. ಮೊದಲ ದಿನ ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು ಬಂದರೆ ಗಾಬರಿ ಬೇಡ, ನಿಧಾನವಾಗಿ ನಡೆಯಿರಿ.

ಮೊದಲ ದಿನ: ವಿಶ್ರಾಂತಿ, ಸಂಜೆ ಹಸಿರು ಸರೋವರದ ಉದ್ಯಾನ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋದರೆ ಸೈಬೀರಿಯಾ ಕಡೆಯಿಂದ ಬರುವ ಕಪ್ಪುತಲೆಯ ಕಡಲಕ್ಕಿಗಳನ್ನು ನೋಡಬಹುದು. 1985ರಿಂದ ಅವು ಪ್ರತಿ ಚಳಿಗಾಲ ಈ ನಗರಕ್ಕೆ ಬರುತ್ತಿವೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುವ ಹಾಗೆಯೇ ಇದು. ರಾತ್ರಿ ಊಟಕ್ಕೆ ಶುನ್‌ಚೆಂಗ್ ಕಡೆ ಹೋಗಿ.

ಎರಡನೇ ದಿನ: ಶಿಲಿನ್, ಅಂದರೆ ಕಲ್ಲಿನ ಕಾಡು. ನಗರದಿಂದ ಸುಮಾರು 80 ಕಿ.ಮೀ. ದೂರ. 2007ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣಗಳಲ್ಲಿ ಒಂದು. ಸುಮಾರು 27 ಕೋಟಿ ವರ್ಷ ಹಳೆಯ ಸುಣ್ಣದ ಕಲ್ಲನ್ನು ಮಳೆನೀರು ಕರಗಿಸುತ್ತಾ ಹೋಗಿ, ಉಳಿದದ್ದು ಮರಗಳಂತೆ ನಿಂತ ಕಂಬಗಳು. ನಮ್ಮ ಬೀದರ್ ಸೀಮೆಯ ಕೆಂಪು ಜಂಬಿಟ್ಟಿಗೆ ಕಲ್ಲು ಆದದ್ದೂ ಮಳೆಯಿಂದಲೇ. ಇಲ್ಲಿ ಕಪ್ಪು ಕಲ್ಲಿನ ಉಳಿದ ಅಂಶಗಳು ತೊಳೆದುಹೋಗಿ ಕಬ್ಬಿಣದ ಕೆಂಪು ಉಳಿಯಿತು. ಶಿಲಿನ್‌ಗೆ ಹೊರಡುವ ಮೊದಲೇ ನಗರದ ಹಲಾಲ್ ಅಂಗಡಿಯಲ್ಲಿ ಮಧ್ಯಾಹ್ನದ ಊಟ ಕಟ್ಟಿಸಿಕೊಳ್ಳಿ.

ಮೂರನೇ ದಿನ: ಪಶ್ಚಿಮ ಬೆಟ್ಟ ಮತ್ತು ಕೆಳಗೆ ಹರಡಿರುವ ದಿಯಾಂಚಿ ಸರೋವರ. ಮಂಡಿ ನೋವಿದ್ದವರು ಮೆಟ್ಟಿಲು ಬಿಟ್ಟು ರೋಪ್‌ವೇ ಹಿಡಿಯಬಹುದು.

ನಾಲ್ಕನೇ ದಿನ: ದೌನಾನ್ ಹೂವಿನ ಮಾರುಕಟ್ಟೆ. ಏಷ್ಯಾದ ಅತಿ ದೊಡ್ಡ ಹೂವಿನ ಮಾರುಕಟ್ಟೆಗಳಲ್ಲಿ ಇದೂ ಒಂದು.

ತಟ್ಟೆಯಲ್ಲಿ ಎರಡು ಎಚ್ಚರಿಕೆ

ಇಲ್ಲಿನ ಅಕ್ಕಿ ಶಾವಿಗೆಯ 'ಸೇತುವೆ ದಾಟಿದ ನೂಡಲ್ಸ್' ಪ್ರಸಿದ್ಧ. ಹಲಾಲ್ ಹೋಟೆಲಿನಲ್ಲೂ ಸಿಗುತ್ತದೆ. ಸಾರಿನ ಮೇಲೆ ಎಣ್ಣೆಯ ಪದರ ಇರುವುದರಿಂದ ಹಬೆ ಏಳುವುದಿಲ್ಲ, ಆರಿದೆ ಎಂದು ಕುಡಿದರೆ ಬಾಯಿ ಸುಟ್ಟುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರು ಶಾವಿಗೆ ಕಡಿಮೆ, ಮಾಂಸ ತರಕಾರಿ ಹೆಚ್ಚು ಹಾಕಿಸಿಕೊಳ್ಳಿ.

ಮಳೆಗಾಲದಲ್ಲಿ ಯುನ್ನಾನ್ ತುಂಬ ಕಾಡು ಅಣಬೆ. ಅಲ್ಲಿನ ಒಂದು ಜಾತಿಯ ಅಣಬೆಯನ್ನು ಸರಿಯಾಗಿ ಬೇಯಿಸದೆ ತಿಂದರೆ ಕಣ್ಣಮುಂದೆ ಕುಳ್ಳ ಮನುಷ್ಯರು ಓಡಾಡಿದಂತೆ ಕಾಣುತ್ತದೆ! ತಮಾಷೆ ಎನಿಸಿದರೂ ಇದು ವಿಷದ ಪರಿಣಾಮ. ಬೇರೆ ಕೆಲವು ಅಣಬೆಗಳು ಜೀವವನ್ನೇ ತೆಗೆಯುತ್ತವೆ. ಹೋಟೆಲಿನವರು ಹೇಳಿದಷ್ಟು ಹೊತ್ತು ಕುದಿಯುವವರೆಗೆ ಚಮಚ ಹಾಕಬೇಡಿ. ಬೀದಿಯಲ್ಲಿ ಕೊಂಡು ರೂಮಿನಲ್ಲಿ ಬೇಯಿಸುವ ಸಾಹಸ ಬೇಡ.

ಹೊರಡುವ ಮುನ್ನ

ವೀಸಾ ಬೇಕೇ ಬೇಕು. ಹುಮನಾಬಾದ್‌ನಿಂದ ಹೈದರಾಬಾದ್ ಹೆದ್ದಾರಿಯಲ್ಲಿ ಸುಮಾರು 150 ಕಿ.ಮೀ., ಅಲ್ಲಿಂದ ವಿಮಾನ. ಐದು ವರ್ಷ ನಿಂತಿದ್ದ ಭಾರತ-ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್ 26ರಂದು ಕೋಲ್ಕತ್ತಾ-ಗುವಾಂಗ್‌ಝೌ ಮಾರ್ಗದಿಂದ ಮತ್ತೆ ಶುರುವಾದವು. ಗುವಾಂಗ್‌ಝೌನಿಂದ ಕುನ್‌ಮಿಂಗ್‌ಗೆ ವಿಮಾನವೂ ಇದೆ, ಹೈಸ್ಪೀಡ್ ರೈಲೂ ಇದೆ.

ಅಲ್ಲಿ ಫೋನ್‌ಪೇ ನಡೆಯುವುದಿಲ್ಲ. ಅಲಿಪೇ ಅಥವಾ ವೀಚಾಟ್‌ಗೆ ನಿಮ್ಮ ವೀಸಾ, ಮಾಸ್ಟರ್‌ಕಾರ್ಡ್‌ಗಳನ್ನು ಊರಲ್ಲೇ ಜೋಡಿಸಿಕೊಳ್ಳಿ. ವಾಟ್ಸ್ಆ್ಯಪ್, ಗೂಗಲ್ ಅಲ್ಲಿನ ವೈಫೈನಲ್ಲಿ ತೆರೆಯುವುದಿಲ್ಲ. ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ. ಇದನ್ನು ಮನೆಯವರಿಗೂ ಹೇಳಿಡಿ, ಇಲ್ಲದಿದ್ದರೆ ಒಂದೇ ಟಿಕ್ ನೋಡಿ ಇಲ್ಲಿ ಗಾಬರಿಯಾಗುತ್ತಾರೆ.

ನಮಾಜಿನ ಹೊತ್ತಿಗೆ ಊರಿನ ಲೆಕ್ಕ ಹಿಡಿಯಬೇಡಿ. ಇಡೀ ಚೀನಾಕ್ಕೆ ಒಂದೇ ಗಡಿಯಾರ, ಹಾಗಾಗಿ ಕುನ್‌ಮಿಂಗ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ಕಿಬ್ಲಾ ಪಶ್ಚಿಮಕ್ಕಿಂತ ತುಸು ಉತ್ತರಕ್ಕಿದೆ.

ನಮ್ಮ ತೀರ್ಮಾನ

ಚೀನಾದಲ್ಲಿ ಹಲಾಲ್ ಊಟ ಸಿಗುವುದಿಲ್ಲ ಎಂಬ ಸಂದೇಶ ಸುಳ್ಳು. ಎಲ್ಲೆಂದರಲ್ಲಿ ಕಣ್ಣುಮುಚ್ಚಿ ತಿನ್ನಬಹುದು ಎಂಬುದೂ ಸರಿಯಲ್ಲ. ಹುಮನಾಬಾದ್‌ನ ಆ ಓದುಗರಿಗೆ ನಾವು ಕಳಿಸಿದ ಉತ್ತರ ಇಷ್ಟೇ, ಬೇಕಿದ್ದರೆ ನೀವೂ ಕಳಿಸಿ:

"ಕುನ್‌ಮಿಂಗ್‌ನಲ್ಲಿ ಹಲಾಲ್ ಊಟ ಸಿಗುತ್ತದೆ. ಚಿಂಗ್‌ಜೆನ್ ಎಂಬ ಎರಡು ಅಕ್ಷರ ಹುಡುಕಿ. ಬರೀ 'ರೋ' ಅಂದರೆ ಹಂದಿ ಮಾಂಸ. ಮನೆಯಿಂದ ಮಾಂಸದ ಡಬ್ಬಿ ಒಯ್ಯಬೇಡಿ. ಸಕ್ಕರೆ ಕಾಯಿಲೆ ಇದ್ದವರು ಊಟ ಬಿಡಬೇಡಿ."

ಅಮ್ಮಿ ಮಗನನ್ನು ನೋಡಲು ಹೋಗಲಿ. ಮಗನ ಜೊತೆ ಕೂತು ಹೊಟ್ಟೆ ತುಂಬ ಬಿಸಿ ಊಟ ಮಾಡಲಿ.