'ಇಕಾಲಜಿ' ಎಂಬ ಪದದೊಳಗಿನ ಮನೆ

ಜೂನ್ 5 ಬಂತೆಂದರೆ ನಮ್ಮ ಶಾಲೆಯ ಜಗಲಿಯಲ್ಲಿ ಎರಡು ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಕನ್ನಡದಲ್ಲಿ 'ವಿಶ್ವ ಪರಿಸರ ದಿನ'. ಮಲಯಾಳದಲ್ಲಿ 'ಲೋಕ ಪರಿಸ್ಥಿತಿ ದಿನಂ'. ನಮಗೆ 'ಪರಿಸ್ಥಿತಿ' ಎಂದರೆ ಸ್ಥಿತಿಗತಿ. ನೆರೆಯ ತರಗತಿಯವರಿಗೆ ಅದೇ ಪರಿಸರ. ಎರಡು ಭಾಷೆಗಳ ನಡುವೆ ಬೆಳೆಯುವ ಕಾಸರಗೋಡಿನ ಮಕ್ಕಳಿಗೆ ಇಂತಹ ತೊಡಕು ಹೊಸತಲ್ಲ. ಹಾಗಾದರೆ ವಿಜ್ಞಾನದ ಪುಸ್ತಕದಲ್ಲಿರುವ 'ಇಕಾಲಜಿ' ಎಲ್ಲಿಂದ ಬಂತು?

ಈ ಪದವನ್ನು 1866ರಲ್ಲಿ ರಚಿಸಿದವರು ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಅರ್ನ್ಸ್ಟ್ ಹೆಕೆಲ್. ಗ್ರೀಕ್ ಭಾಷೆಯ 'ಓಯ್ಕೋಸ್' ಎಂದರೆ ಮನೆ. 'ಲೋಗೋಸ್' ಎಂದರೆ ವಿವೇಚನೆ. ಜೀವಿಗೂ ಅದರ ಸುತ್ತಲಿನ ಹೊರಜಗತ್ತಿಗೂ ಇರುವ ಸಂಬಂಧಗಳ ಶಾಸ್ತ್ರವೆಂದು ಅವರು ಇದಕ್ಕೆ ಅರ್ಥ ಕೊಟ್ಟರು. ಅದೇ 'ಓಯ್ಕೋಸ್'ನಿಂದ, ಮನೆಯ ಆಡಳಿತ ಎಂಬ ಅರ್ಥದಲ್ಲಿ, 'ಇಕನಾಮಿಕ್ಸ್' ಕೂಡ ಹುಟ್ಟಿದೆ. ಅರ್ಥಶಾಸ್ತ್ರ ಅಕ್ಕ, ಇಕಾಲಜಿ ತಂಗಿ. ಅಕ್ಕನ ಹೆಸರಿಗೆ ಮಾತ್ರ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ಪ್ರಾಯ.

'ಓಯ್ಕೋಸ್' ಎಂದೊಡನೆ ನಮ್ಮ 'ಒಕ್ಕಲು' ನೆನಪಾಗಬಹುದು. ಅದು ಬರಿಯ ಧ್ವನಿಸಾಮ್ಯ, ಮೋಸಹೋಗಬಾರದು. ಅದರ ನಿಜವಾದ ನೆಂಟ ಸಂಸ್ಕೃತದ 'ವೇಶ', ಅಂದರೆ ಮನೆ. ಮನೆ ಕಟ್ಟಲು ನಾವು ಕೊಳ್ಳುವ 'ನಿವೇಶನ'ವೂ ಅದೇ ಬಳಗಕ್ಕೆ ಸೇರಿದ್ದು.

1935ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಆರ್ಥರ್ ಟಾನ್ಸ್ಲಿ 'ಇಕೋಸಿಸ್ಟಮ್' ಎಂಬ ಪದವನ್ನು ಬಳಕೆಗೆ ತಂದರು. ಜೀವಿಗಳನ್ನು ಮಾತ್ರವಲ್ಲದೆ ಮಣ್ಣು, ನೀರು, ಗಾಳಿಗಳನ್ನೂ ಸೇರಿಸಿ ಎಲ್ಲವನ್ನೂ ಒಂದೇ ವ್ಯವಸ್ಥೆಯಾಗಿ ನೋಡಬೇಕೆಂಬುದು ಅವರ ವಾದ.

ಇದನ್ನು ತಿಳಿಯಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ತೆಗೆದ ಸುರಂಗಗಳಿಂದ ನೀರು ತಾನಾಗಿ ಅಂಗಳಕ್ಕೆ ಹರಿದುಬರುವುದನ್ನು ನೀವು ಕಂಡಿದ್ದೀರಿ. ಗುಡ್ಡದ ಮೇಲೆ ಬಿದ್ದ ಮಳೆಯೇ ಒಳಗೆ ಇಂಗಿ ಸುರಂಗದ ನೀರಾಗುತ್ತದೆ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರಿನ ಚಿಗುರು ಹೀರುವ ಕೀಟವನ್ನು ಕೊಲ್ಲುವುದಷ್ಟೇ ಉದ್ದೇಶ. ಇಳುವರಿಯ ಲೆಕ್ಕ ಬರೆದವರು ಗುಡ್ಡದ ಬುಡದ ಸುರಂಗ, ತೋಡು, ಅಲ್ಲಿ ನೀರು ಕುಡಿಯುವ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಕ್ಕ ತಂಗಿಯನ್ನು ಕೇಳದೆ ಮನೆ ನಡೆಸಿದಂತಾಯಿತು!

2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು. ಆದರೆ ಎಣ್ಮಕಜೆಯ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ನಾವು ಹೇಳಬೇಕಾಗಿಲ್ಲ. ಅವರೇ ನಮಗೆ ಹೇಳುತ್ತಾರೆ.