ಬಾಣಂತನದ ರಜೆ ಮತ್ತು 150 ರೂಪಾಯಿ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಎಂಬ ಒಂದೇ ಕಾರಣಕ್ಕೆ, ಕೊಪ್ಪದ ನಮ್ಮ ಜಗುಲಿಗೆ ಈಗಲೂ ಯಾರಾದರೂ ಸಂಬಳದ ಚೀಟಿ ಹಿಡಿದು ಬರುತ್ತಾರೆ. ಬೆಂಗಳೂರು, ಶಿವಮೊಗ್ಗಗಳಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹೆಣ್ಣುಮಕ್ಕಳು ಕೇಳುವುದು ಹೆಚ್ಚಾಗಿ ಒಂದೇ: "ಮಾವ, ಇಎಸ್‌ಐ ಅಂತ ತಿಂಗಳು ತಿಂಗಳೂ ಹಿಡೀತಾರಲ್ಲ, ಅದೆಲ್ಲಿಗೆ ಹೋಗುತ್ತೆ?"

ಹಿಡಿಯುವುದು ಸಂಬಳದ ಶೇ. 0.75. ಮಾಲೀಕರು ಶೇ. 3.25 ಸೇರಿಸಿ ಕಟ್ಟುತ್ತಾರೆ. 2019ರ ಜುಲೈಗೆ ಮುಂಚೆ ಇದು 1.75 ಮತ್ತು 4.75 ಇತ್ತು. ಅಮೆರಿಕದ ನ್ಯೂಯಾರ್ಕಿನಲ್ಲಿ ಕುಟುಂಬ ರಜೆಯ ವಂತಿಗೆಯನ್ನು ಪ್ರತಿವರ್ಷ ಹೊಸದಾಗಿ ಗೊತ್ತುಮಾಡುತ್ತಾರೆ. ಅಲ್ಲಿ ಅಪ್ಪನಿಗೂ ಆ ರಜೆ ಉಂಟು. ನಮ್ಮ ಇಎಸ್‌ಐಯಲ್ಲಿ ಅಪ್ಪನಿಗೆ ಏನೂ ಇಲ್ಲ.

ಲೆಕ್ಕ ನೋಡಿ. 20,000 ರೂ. ಸಂಬಳದವಳು ಕಟ್ಟುವುದು ತಿಂಗಳಿಗೆ 150, ವರ್ಷಕ್ಕೆ 1,800. ಹೆರಿಗೆಯಾದರೆ 26 ವಾರ, ಅಂದರೆ 182 ದಿನ ಪೂರ್ತಿ ಸಂಬಳ. ಅದು ಸುಮಾರು 1 ಲಕ್ಷ 21 ಸಾವಿರ ರೂಪಾಯಿ! ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನದ ವಂತಿಗೆ ಸಂದಿರಬೇಕು. ಎರಡು ಮಕ್ಕಳಿದ್ದು ಮೂರನೆಯದಾದರೆ 12 ವಾರ ಮಾತ್ರ.

ತೊಡಕು ಬರುವುದು ಸಂಬಳ ಏರಿದಾಗ. 2017ರಿಂದ ಇಎಸ್‌ಐ ಮಿತಿ 21,000 ರೂ. ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಜೂನ್‌ನಲ್ಲಿ ಸಂಬಳ ಮಿತಿ ದಾಟಿದರೂ ಸೆಪ್ಟೆಂಬರ್ ಮುಗಿಯುವವರೆಗೆ ಹಿಡಿಯುತ್ತಲೇ ಇರುತ್ತಾರೆ. ಅದು ಮೋಸವಲ್ಲ, ಆ ಅವಧಿಯ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯವಿದೆ. ಇಎಸ್‌ಐಯಿಂದ ಹೊರಬಿದ್ದ ಮೇಲೂ ರಜೆ ತಪ್ಪುವುದಿಲ್ಲ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಮಾಲೀಕರೇ ಸಂಬಳ ಕೊಡಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರವಿದ್ದುದನ್ನು 2017ರಲ್ಲಿ 26 ಮಾಡಿತು. ಈಗ ಅದೇ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ.

ಇಷ್ಟೆಲ್ಲ ಸಂಬಳದ ಚೀಟಿ ಇದ್ದವರ ಮಾತಾಯಿತು. ಕಾಫಿ, ಟೀ ಎಸ್ಟೇಟುಗಳು ಮೊದಲಿನಿಂದಲೂ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಆದರೆ ಶೃಂಗೇರಿ, ನರಸಿಂಹರಾಜಪುರದ ಸಣ್ಣ ತೋಟದ ಮನೆಗಳಲ್ಲಿ ಕೊಯ್ಲಿನ ಕಾಲಕ್ಕೆ ಅಡಿಕೆ ಸುಲಿಯುವ ಹೆಂಗಸರಿಗೆ ಸುಲಿದಷ್ಟಕ್ಕೆ ಕೂಲಿ. ಬಾಣಂತನಕ್ಕೆ ಮಲಗಿದರೆ ಅದೂ ಇಲ್ಲ. ನನ್ನ ಮಟ್ಟಿಗೆ, ಇದು ನ್ಯಾಯವಲ್ಲ. ಇವರಿಗೆ ಸಿಗುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಹಣ. ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000. 26 ವಾರದ ಸಂಬಳದ ಮುಂದೆ ಇದೇನು ಮಹಾ ಎನ್ನಿಸುತ್ತದೆ, ಆದರೂ ಬಿಡಬಾರದು.

ಬಿಪಿಎಲ್ ಕಾರ್ಡಿನವರು ತಾಯಿ ಕಾರ್ಡ್ ಹಿಡಿದು ಅಂಗನವಾಡಿಯಲ್ಲಿ ಅರ್ಜಿ ಕೊಡಬಹುದು. ಖಾತೆ ಅವಳ ಹೆಸರಿನಲ್ಲೇ ಇರಬೇಕು, ಆಧಾರ್ ಜೋಡಣೆಯಾಗಿರಬೇಕು. ಗಂಡನ ಪಾಸ್‌ಬುಕ್ ನಡೆಯುವುದಿಲ್ಲ. ಆರನೇ ತಿಂಗಳವರೆಗೆ ಕಾಯದೆ ಬ್ಯಾಂಕಿಗೆ ಮೊದಲೇ ಹೋಗಿ ಬನ್ನಿ.